ಮೂರೇ ಮಾತಿನ ಮರಕ್ಕೆ ಮಕ್ಕಳು ಅಳುವುದೇಕೆ?

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು 49. ಮಗಳು ದ್ವಿತೀಯ ಪಿಯುಸಿ, ಮಗ ಆರನೆಯ ತರಗತಿ. ಕಳೆದ ಬೇಸಿಗೆ ರಜೆಯಿಂದ ಇಬ್ಬರೂ ಒಂದೇ ಸಿನಿಮಾ ನೋಡುತ್ತಿದ್ದಾರೆ, 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ'. ನನಗೆ ಗೊತ್ತಿರುವಂತೆ ಒಂಬತ್ತು ಸಲ ಆಗಿದೆ. ನಾನೂ ಒಮ್ಮೆ ಜೊತೆಯಲ್ಲಿ ಕುಳಿತೆ. ಮಾತನಾಡುವ ಒಂದು ಕಾಡುಪ್ರಾಣಿ, ಮೂರೇ ಪದ ಹೇಳುವ ಒಂದು ಮರ, ಬಾಹ್ಯಾಕಾಶದಲ್ಲಿ ಢಮಾರ್ ಎನ್ನುವ ಸ್ಫೋಟಗಳು. ಅರ್ಧಕ್ಕೆ ಎದ್ದು ಹೋದೆ. ಕಾಮಿಕ್ಸ್ ಪುಸ್ತಕದಿಂದ ತೆಗೆದ ಈ ಹುಡುಗಾಟದಲ್ಲಿ ಇವರಿಗೆ ಸಿಗುವುದಾದರೂ ಏನು? ಅಭಿರುಚಿ ಕೆಡುವುದಿಲ್ಲವೇ? ವಿಚಾರವಾದಿ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕಿನವನು ನಾನು; ನನ್ನ ಮನೆಯಲ್ಲೇ ಹುಡುಗನ ವಿಜ್ಞಾನ ಹಾಳಾಗುತ್ತಿದೆಯೇ ಎಂಬ ಸಂಕಟ. ಇನ್ನೊಂದು ಮಾತು. ಇಬ್ಬರೂ ನಗುತ್ತಲೇ ನೋಡುತ್ತಾರೆ, ಆದರೆ ಮುಗಿಯುವ ಹೊತ್ತಿಗೆ ಮಗಳ ಕಣ್ಣು ಒದ್ದೆಯಾಗಿರುತ್ತದೆ. ಮಗ ಮೊದಲ ಐದು ನಿಮಿಷವನ್ನು ಪ್ರತಿ ಸಲ ಓಡಿಸಿಬಿಡುತ್ತಾನೆ. ನನ್ನ ಹೆಂಡತಿ ಎರಡು ವರ್ಷದ ಹಿಂದೆ ಕ್ಯಾನ್ಸರ್‌ನಿಂದ ತೀರಿಕೊಂಡಳು. ಕೊನೆಯ ದಿನ ಮಗನನ್ನು ವಾರ್ಡಿನೊಳಗೆ ಕರೆದೊಯ್ಯುವುದು ಬೇಡವೆಂದು ನಾನೇ ತೀರ್ಮಾನಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು. ಈ ಸಿನಿಮಾ ನೋಡುವುದನ್ನು ನಿಲ್ಲಿಸಲೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಅಭಿರುಚಿಯ ಪ್ರಶ್ನೆ ಎನಿಸಿತು. ಎರಡನೆಯ ಸಲ 'ಸಂಬಂಧ ಇರಲಾರದು' ಎಂಬ ಸಾಲಿನ ಬಳಿ ನಿಂತುಬಿಟ್ಟೆ. ಸಂಬಂಧ ಇದೆ. ಕಾಮಿಕ್ಸು, ವಿಜ್ಞಾನ, ಅಭಿರುಚಿಗಳೆಲ್ಲ ಸ್ವಲ್ಪ ಹೊತ್ತು ಕಾಯಲಿ. ಇದನ್ನು ಮೊದಲು ಹೇಳುತ್ತೇನೆ.

ಮಗ ಓಡಿಸಿಬಿಡುವ ಆ ಐದು ನಿಮಿಷಗಳನ್ನು ನೀವೂ ನೋಡಿಲ್ಲ ಎಂದು ನನ್ನ ಊಹೆ. ಅದರಲ್ಲಿರುವುದು ಇಷ್ಟು. ಇಸವಿ 1988. ಅಮೆರಿಕದ ಒಂದು ಆಸ್ಪತ್ರೆ. ವಾರ್ಡಿನ ಹೊರಗೆ ಒಬ್ಬ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವಾಕ್‌ಮನ್‌ನಲ್ಲಿ ಹಾಡು ಕೇಳುತ್ತಾ ಕುಳಿತಿದ್ದಾನೆ. ತಾತ ಬಂದು ಒಳಗೆ ಕರೆದುಕೊಂಡು ಹೋಗುತ್ತಾರೆ. ಹಾಸಿಗೆಯಲ್ಲಿ ತಾಯಿ, ಕ್ಯಾನ್ಸರ್, ತಲೆಯಲ್ಲಿ ಕೂದಲಿಲ್ಲ. ಮಗನಿಗೆಂದು ಒಂದು ಪೊಟ್ಟಣ ಕಟ್ಟಿಟ್ಟಿದ್ದಾಳೆ. ಕೈ ಚಾಚಿ, ಹಿಡಿದುಕೋ ಎನ್ನುತ್ತಾಳೆ. ಹುಡುಗ ಮುಖ ತಿರುಗಿಸುತ್ತಾನೆ. ಮತ್ತೆ ತಿರುಗುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ಹೊರಗೆ ಓಡಿ ಕತ್ತಲ ಬಯಲಿನಲ್ಲಿ ಬಿದ್ದು ಅಳುತ್ತಿರುವಾಗ ಮೇಲಿನಿಂದ ಬೆಳಕು ಬೀಳುತ್ತದೆ, ಯಾವುದೋ ಲೋಕದ ನೌಕೆ ಅವನನ್ನು ಎತ್ತಿಕೊಂಡು ಹೋಗುತ್ತದೆ.

ಮುಂದಿನ ದೃಶ್ಯ 26 ವರ್ಷಗಳ ನಂತರದ್ದು. ಪಾಳುಬಿದ್ದ ಒಂದು ಗ್ರಹ, ಮಳೆ, ಮಂಜು. ಮುಖವಾಡ ತೊಟ್ಟ ಒಬ್ಬ ಗಂಭೀರವಾಗಿ ನಡೆದು ಬರುತ್ತಾನೆ. ಇದೊಂದು ಭಯಂಕರ ಸಾಹಸದ ಕಥೆ ಎಂದು ನಾವು ಸರಿಯಾಗಿ ಕುಳಿತುಕೊಳ್ಳುತ್ತೇವೆ. ಅವನು ಮುಖವಾಡ ತೆಗೆದು, ಅದೇ ಹಳೆಯ ಹೆಡ್‌ಫೋನ್ ಕಿವಿಗೆ ಏರಿಸಿ, ಅದೇ ಕ್ಯಾಸೆಟ್ ಹಾಕಿಕೊಂಡು ಒಬ್ಬನೇ ಕುಣಿಯತೊಡಗುತ್ತಾನೆ. ಇಲಿಯಂಥ ಒಂದು ಪ್ರಾಣಿಯನ್ನು ಎತ್ತಿಕೊಂಡು ಮೈಕಿನಂತೆ ಹಿಡಿದು ಬಾಯಿ ಆಡಿಸುತ್ತಾನೆ. ಮಕ್ಕಳು ಘೊಳ್ಳೆಂದು ನಗುವುದು ಇಲ್ಲಿ.

ನಗಬೇಕಾದದ್ದೇ. ಆದರೆ ಆ ಕ್ಯಾಸೆಟ್ ಯಾರದು? ಸತ್ತ ತಾಯಿ ತನಗೆ ಇಷ್ಟವಾದ ಹಾಡುಗಳನ್ನು ಆರಿಸಿ ಮಗನಿಗೆ ತುಂಬಿಸಿಕೊಟ್ಟದ್ದು. ಇಡೀ ಬ್ರಹ್ಮಾಂಡದಲ್ಲಿ ಅವನ ಬಳಿ ಉಳಿದಿರುವ ಮನೆ ಎಂದರೆ ಅದೊಂದೇ. ಅವನು ಕುಣಿಯುತ್ತಿರುವುದು ತಾಯಿಯ ದನಿಗೆ. ಹಾಸ್ಯವೂ ಶೋಕವೂ ಒಂದೇ ಕಿವಿಯೊಳಗೆ ಸೇರಿಕೊಂಡಿವೆ. ಈ ಸಿನಿಮಾದ ಆಕರ್ಷಣೆ ಏನೆಂದು ಕೇಳಿದಿರಲ್ಲ, ನನ್ನ ಉತ್ತರ ಇದು: ಇದರಲ್ಲಿ ಪ್ರತಿ ದೊಡ್ಡ ನಗುವಿನ ಕೆಳಗೆ ಯಾರೋ ಕಳೆದುಕೊಂಡ ಒಂದು ವಸ್ತು ಇದೆ. ನಿಮ್ಮ ಮಕ್ಕಳು ಒಂಬತ್ತು ಸಲ ನೋಡಿರುವುದು ಅದನ್ನು.

ನಾನು ಮನಶ್ಶಾಸ್ತ್ರಜ್ಞ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕೆಲವು ಕಾಲ ಬೆಂಗಳೂರಿನ ಸಂಕಲನ ಕೊಠಡಿಗಳಲ್ಲಿ ಸಹಾಯಕನಾಗಿದ್ದೆ. ಆಮೇಲೆ ತುಮಕೂರಿಗೆ ಬಂದು, ಹದಿನೆಂಟು ವರ್ಷಗಳಿಂದ ಶಾಲೆ ಕಾಲೇಜುಗಳಲ್ಲಿ ಚಿತ್ರ ರಸಗ್ರಹಣ ಶಿಬಿರ ನಡೆಸುತ್ತಿದ್ದೇನೆ. ಪರದೆಯ ಪಕ್ಕದಲ್ಲಿ ನಿಂತು ಮಕ್ಕಳ ಮುಖ ನೋಡುವುದು ನನ್ನ ಕೆಲಸದ ಅರ್ಧ ಭಾಗ. ಹಾಗಾಗಿ ಸಿನಿಮಾ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಬಲ್ಲೆ. ದುಃಖದ ಆರೈಕೆಯ ವಿಷಯ ಬಂದಾಗ ಬೇರೆಯವರ ಬಳಿ ಕಳಿಸುತ್ತೇನೆ.

ಈಗ ನಿಮ್ಮ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. 'ಕಾಮಿಕ್ಸ್ ಎಂದರೆ ಹುಡುಗಾಟ' ಎಂಬುದು ನಮ್ಮ ತಲೆಮಾರಿನವರೆಲ್ಲರ ಹಳೆಯ ನಂಬಿಕೆ. ಬಾಲಮಂಗಳದ ಡಿಂಗನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿ ಏಟು ತಿಂದವರು ನಮ್ಮಲ್ಲಿ ಎಷ್ಟು ಜನವೋ. ಒಂದು ಬಡಪಾಯಿ ಇಲಿಯನ್ನು ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗಕ್ಕೆ ಒಡ್ಡಿದರು, ಅದರಿಂದ ಅದಕ್ಕೆ ಶಕ್ತಿ ಬಂತು ಎಂಬ ಕಥೆ ಅದು. ನಿಮ್ಮ ಮಕ್ಕಳ ಸಿನಿಮಾದಲ್ಲಿ ಮಾತನಾಡುವ ಪ್ರಾಣಿ ರಾಕೆಟ್ ಇದೆಯಲ್ಲ, ಉತ್ತರ ಅಮೆರಿಕದ ರಕೂನ್, ಅದರದ್ದೂ ಹೆಚ್ಚುಕಡಿಮೆ ಇದೇ ಹಣೆಬರಹ. ಯಾರೋ ಅದನ್ನು ಕೊಯ್ದು, ಯಂತ್ರ ಜೋಡಿಸಿ, ಮತ್ತೆ ಹೊಲಿದು ಮಾತು ಬರುವಂತೆ ಮಾಡಿದ್ದಾರೆ. ಒಂದು ದೃಶ್ಯದಲ್ಲಿ ಅದು ಕುಡಿದು ಜಗಳ ತೆಗೆಯುತ್ತದೆ. ಎಲ್ಲರೂ ತನ್ನನ್ನು ಹುಳ, ಹೆಗ್ಗಣ ಎನ್ನುತ್ತಾರೆ, ನನ್ನನ್ನು ಹೀಗೆ ಮಾಡಿ ಎಂದು ನಾನು ಯಾರನ್ನೂ ಕೇಳಿಕೊಂಡಿರಲಿಲ್ಲ ಎಂದು ಅರಚುತ್ತದೆ. ಅಲ್ಲಿಯವರೆಗೆ ಅದರ ಒರಟು ಮಾತಿಗೆ ನಗುತ್ತಿದ್ದ ಮಕ್ಕಳು ಗಪ್‌ಚಿಪ್ಪಾಗುತ್ತಾರೆ. ನಾನು ಈ ದೃಶ್ಯ ತೋರಿಸಿದ ಪ್ರತಿ ಶಾಲೆಯಲ್ಲೂ ಇದೇ ಆಗಿದೆ.

ಇನ್ನು ಪ್ರಾಣಿ ಮಾತನಾಡಿತು ಎಂದು ಬೇಸರವೇ? ಮೇಷ್ಟ್ರೇ, ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದು ಸಾವಿರ ವರ್ಷವಾಗುತ್ತಾ ಬಂತು. ಅದೂ ಬೇಡ, ಗೋವಿನ ಹಾಡನ್ನು ನೆನಪಿಸಿಕೊಳ್ಳಿ. ಹುಲಿಯ ಬಾಯಿಗೆ ಹೋಗಲಿರುವ ಹಸು ಕರುವಿಗೆ ಕಡೆಯ ಸಲ ಹಾಲು ಕೊಡಲು ಬರುತ್ತದೆ, ಇನ್ನು ನೀನು ತಬ್ಬಲಿ ಎನ್ನುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಆ ಸಾಲು ಬಂದಾಗ ಗಂಟಲು ಕಟ್ಟದ ಕನ್ನಡದ ಮಗು ಇದೆಯೇ? ಹಸು ಹೇಗೆ ಮಾತನಾಡಿತು ಎಂದು ಯಾರೂ ಕೇಳಲಿಲ್ಲ. ತಾಯಿ ಹೋಗುತ್ತಿದ್ದಾಳೆ ಎಂಬುದಷ್ಟೇ ಕೇಳಿಸಿತು. ಮನುಷ್ಯರ ಬಾಯಲ್ಲಿ ಹೇಳಿಸಿದರೆ ತಡೆದುಕೊಳ್ಳಲಾಗದ ಮಾತನ್ನು ಹಸುವಿನ ಬಾಯಲ್ಲಿ, ಮರದ ಬಾಯಲ್ಲಿ ಹೇಳಿಸುವುದು ಬಹಳ ಹಳೆಯ ಉಪಾಯ.

ಆ ಮರದ ವಿಷಯಕ್ಕೇ ಬರೋಣ, ಏಕೆಂದರೆ ನನಗೆ ಅದರ ಮೇಲೆ ಬಹಳ ಪ್ರೀತಿ. ಹೆಸರು ಗ್ರೂಟ್. 1960ರ ಒಂದು ಕಾಮಿಕ್ಸ್ ಸಂಚಿಕೆಯಲ್ಲಿ ಅದು ಭೂಮಿಗೆ ಬಂದು ಮನುಷ್ಯರನ್ನು ಹೊತ್ತೊಯ್ಯಲು ಹವಣಿಸುವ ರಾಕ್ಷಸ ಮರವಾಗಿತ್ತು. 'ಗಾರ್ಡಿಯನ್ಸ್' ಎಂಬ ಹೆಸರಿನ ತಂಡ 1969ರಲ್ಲಿ ಬೇರೆಯೇ ಪಾತ್ರಗಳೊಂದಿಗೆ ಹುಟ್ಟಿತು. ಸಿನಿಮಾಕ್ಕೆ ಆಧಾರವಾದ ತಂಡ 2008ರದ್ದು. 2014ರ ಆಗಸ್ಟ್ 1ರಂದು ಸಿನಿಮಾ ಬಿಡುಗಡೆಯಾದಾಗ ಕಾಮಿಕ್ಸ್ ಓದುವವರಲ್ಲಿಯೂ ಬಹಳ ಜನಕ್ಕೆ ಇವರು ಯಾರೆಂದು ಗೊತ್ತಿರಲಿಲ್ಲ. ಮೂಲೆಗೆ ಬಿದ್ದಿದ್ದ ಪಾತ್ರಗಳನ್ನು ಗುಡಿಸಿ ತಂದು ನಿರ್ದೇಶಕ ಜೇಮ್ಸ್ ಗನ್ ಈ ಸಿನಿಮಾ ಮಾಡಿದರು. ಮರ ಹೇಳುವುದು 'ಐ ಆ್ಯಮ್ ಗ್ರೂಟ್', ಅಂದರೆ 'ನಾನು ಗ್ರೂಟ್', ಎಂದಷ್ಟೇ. ದನಿ ವಿನ್ ಡೀಸೆಲ್ ಅವರದು. ಪ್ರತಿ ಸಲವೂ ಅರ್ಥ ಬೇರೆ, ಹಾಗಾಗಿ ಪ್ರತಿ ಸಲವೂ ಧಾಟಿ ಬೇರೆ. ಆ ಅರ್ಥ ತಿಳಿಯುವುದು ರಾಕೆಟ್‌ಗೆ ಮಾತ್ರ. ನಿಮ್ಮ ಊರಿನಲ್ಲಿ ದನ ಸಾಕಿದವರನ್ನು ಕೇಳಿ ನೋಡಿ. ಹಸು ಹಸಿದು ಕೂಗಿದ್ದೋ, ಕರುವಿಗಾಗಿ ಕೂಗಿದ್ದೋ, ಬೆದರಿ ಕೂಗಿದ್ದೋ ಮನೆಯೊಳಗಿನಿಂದಲೇ ಹೇಳುತ್ತಾರೆ. ಕೇಳಿಸಿಕೊಳ್ಳುವವರು ಇದ್ದರೆ ಒಂದೇ ಸದ್ದು ಸಾಕು. ಎರಡು ಗಂಟೆ ಕಾಲ ಈ ಸಿನಿಮಾ ನಮಗೆ ಹಾಗೆ ಕೇಳಿಸಿಕೊಳ್ಳುವುದನ್ನು ರೂಢಿ ಮಾಡಿಸುತ್ತದೆ. ಕೊನೆಯಲ್ಲಿ ನೌಕೆ ನೆಲಕ್ಕೆ ಅಪ್ಪಳಿಸುವ ಹೊತ್ತಿನಲ್ಲಿ ಮರ ತನ್ನ ಕೊಂಬೆಗಳನ್ನು ಬೆಳೆಸಿ ಗೆಳೆಯರ ಸುತ್ತ ಗೂಡಿನಂತೆ ಹೆಣೆಯುತ್ತದೆ. ನೀನು ಸತ್ತುಹೋಗುತ್ತೀಯ, ಏಕೆ ಹೀಗೆ ಮಾಡುತ್ತಿದ್ದೀಯ ಎಂದು ರಾಕೆಟ್ ಅಳುತ್ತದೆ. ಆಗ ಮರ ಮೊದಲ ಸಲ ಮಾತು ಬದಲಿಸುತ್ತದೆ: 'ನಾವು ಗ್ರೂಟ್'. ಕನ್ನಡದಲ್ಲಿ ಬದಲಾಗುವುದು ಒಂದೇ ಅಕ್ಷರ. ಆ ಒಂದಕ್ಷರಕ್ಕೆ ನಿಮ್ಮ ಮಗಳ ಕಣ್ಣು ಒದ್ದೆಯಾಗುವುದು. ಅಭಿರುಚಿ ಕೆಟ್ಟವರಿಗೆ ಅದು ಕೇಳಿಸುವುದಿಲ್ಲ.

ಮಧುಗಿರಿ ಕಡೆಯ ಒಂದು ಶಾಲೆಯಲ್ಲಿ ಇದನ್ನು ತೋರಿಸಿದ್ದು ನೆನಪಾಗುತ್ತದೆ. ಕಿಟಕಿಗಳಿಗೆ ಹಳೆಯ ಫ್ಲೆಕ್ಸ್ ಕಟ್ಟಿ ಕತ್ತಲೆ ಮಾಡಿದ್ದೆವು, ಪರದೆಗೆ ಬಿಳಿ ಪಂಚೆ. ಸೆರೆಮನೆಯಿಂದ ತಪ್ಪಿಸಿಕೊಳ್ಳುವ ದೃಶ್ಯ ಬಂತು. ಎಲ್ಲರೂ ಮೇಜಿನ ಬಳಿ ಸೇರಿದ್ದಾರೆ, ರಾಕೆಟ್ ಗಂಭೀರವಾಗಿ ಯೋಜನೆ ವಿವರಿಸುತ್ತಿದೆ. ಗೋಪುರದ ಮೇಲಿರುವ ಬ್ಯಾಟರಿಯನ್ನು ಕಿತ್ತ ಕೂಡಲೇ ಗಂಟೆ ಬಡಿಯುತ್ತದೆ, ಆದ್ದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಕೀಳಬೇಕು ಎನ್ನುತ್ತಿದೆ. ಹಿಂದೆ, ಚೌಕಟ್ಟಿನ ಆಳದಲ್ಲಿ, ಮಸುಕಾಗಿ, ಮರ ನಿಧಾನವಾಗಿ ಎತ್ತರ ಬೆಳೆಯುತ್ತಾ ಹೋಗಿ ಆ ಬ್ಯಾಟರಿಗೇ ಕೈ ಹಾಕುತ್ತಿದೆ. ಕ್ಯಾಮೆರಾ ಅದನ್ನು ತೋರಿಸಿ ನೋಡಿರಪ್ಪಾ ಎನ್ನುವುದಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿಗೆ ಮೊದಲು ಕಾಣಿಸಿತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಆಮೇಲೆ ಪಕ್ಕದವಳಿಗೆ, ಆಮೇಲೆ ಒಂದು ಬೆಂಚು, ಆಮೇಲೆ ಇಡೀ ಕೋಣೆ. ಹೀಗೆ ಮಕ್ಕಳು ತಾವೇ ಕಂಡುಹಿಡಿದುಕೊಂಡ ನಗು ಅದು. ಸಂಕಲನದ ಮೇಜಿನ ಮೇಲೆ ಇಂಥ ಒಂದು ಹಾಸ್ಯವನ್ನು ಕೆಡಿಸುವುದು ಬಹಳ ಸುಲಭ. ಮರದ ಹತ್ತಿರದ ಒಂದು ಶಾಟ್ ಅವಸರಪಟ್ಟು ಸೇರಿಸಿದರೆ ಸಾಕು, ಸತ್ತುಹೋಗುತ್ತದೆ. ಪ್ರೇಕ್ಷಕನ ಕಣ್ಣನ್ನು ನಂಬಿ ಸುಮ್ಮನಿದ್ದಾರಲ್ಲ, ಆ ನಂಬಿಕೆಗೆ ನಾನು ತಲೆಬಾಗುತ್ತೇನೆ.

ನಮ್ಮ ಕಡೆಯ ರಂಗಭೂಮಿ ಬಲ್ಲವರಿಗೆ ಇದೇನೂ ಹೊಸದಾಗಿ ಕಾಣಬಾರದು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ, ಇಲ್ಲೇ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅದನ್ನು ನಾಡಿನ ಮನೆಮಾತು ಮಾಡಿದ ಗುಬ್ಬಿ ವೀರಣ್ಣನವರನ್ನು ಜನ ನೆನೆಯುವುದು ರಾಜನ ಪಾತ್ರಕ್ಕಲ್ಲ; ಸದಾರಮೆಯ ಕಳ್ಳನ ಪಾತ್ರಕ್ಕೆ. ಅದೇ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದಿತ್ತು. ಕಣ್ಣಿಗೆ ವೈಭವ, ಬಾಯಿಗೆ ನಗು, ನಡುವೆ ಎಲ್ಲೋ ಎದೆಗೆ ತಾಕುವ ಒಂದು ಮಾತು. ಜನ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ನೋಡುತ್ತಿದ್ದದ್ದು ಈ ಬೆರಕೆಯನ್ನೇ.

ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಮೂಡಲಪಾಯ ಯಕ್ಷಗಾನ ನೋಡಿ. ರಾಜವೇಷ ಕುಣಿದು ಬಂದು ನಿಲ್ಲುತ್ತದೆ. ತಾವು ಯಾರು ಎಂದು ಸಾರಥಿ ಕೇಳುತ್ತಾನೆ. ರಾಜ ತನ್ನ ಬಿರುದು ಬಾವಲಿಗಳನ್ನೆಲ್ಲ ಸುರಿಯುತ್ತಾನೆ. ಈ ಸಿನಿಮಾದಲ್ಲೂ ಆ ಪ್ರಸಂಗ ಇದೆ. ಶತ್ರುಗಳು ಸುತ್ತುವರಿದಾಗ ನಾಯಕ ಎದೆ ಸೆಟೆದು, ನನ್ನನ್ನು 'ಸ್ಟಾರ್ ಲಾರ್ಡ್' ಎನ್ನುತ್ತಾರೆ ಎಂದು ಘೋಷಿಸುತ್ತಾನೆ. ಶತ್ರು ಹುಬ್ಬು ಗಂಟಿಕ್ಕಿ, ಯಾರು ಎನ್ನುತ್ತಾನೆ. ಆ ಹೆಸರನ್ನು ಅಲ್ಲಿ ಯಾರೂ ಕೇಳಿಲ್ಲ. ಸಿನಿಮಾದ ಉದ್ದಕ್ಕೂ ಆ ಹೆಸರು ನಗೆಪಾಟಲಾಗುತ್ತದೆ. ಕಟ್ಟಕಡೆಗೆ, 26 ವರ್ಷ ಬಿಚ್ಚದೆ ಇಟ್ಟಿದ್ದ ತಾಯಿಯ ಪೊಟ್ಟಣವನ್ನು ಅವನು ಬಿಚ್ಚುತ್ತಾನೆ. ಒಳಗೆ ಒಂದು ಪತ್ರ. ಆ ಹೆಸರಿನಿಂದ ಅವನನ್ನು ಮುದ್ದಿಗೆ ಕರೆಯುತ್ತಿದ್ದವಳು ತಾಯಿ ಎಂದು ಆಗ ಗೊತ್ತಾಗುತ್ತದೆ. ಎರಡು ಗಂಟೆ ನಕ್ಕಿದ್ದೆವಲ್ಲ, ಯಾವುದಕ್ಕೆ ನಕ್ಕಿದ್ದೆವು ಎಂದು ಪ್ರೇಕ್ಷಕ ಒಂದು ಕ್ಷಣ ಸುಮ್ಮನಾಗುತ್ತಾನೆ. ಪೊಟ್ಟಣದಲ್ಲಿ ಇನ್ನೊಂದು ಕ್ಯಾಸೆಟ್ ಕೂಡ ಇರುತ್ತದೆ.

ನೀವು ಅರ್ಧಕ್ಕೆ ಎದ್ದು ಹೋದದ್ದರಿಂದ ಇದು ನಿಮಗೆ ಸಿಗಲಿಲ್ಲ. ತಪ್ಪು ನಿಮ್ಮದಲ್ಲ, ನಡುಭಾಗ ಮಾತ್ರ ನೋಡಿದವರಿಗೆ ಇದು ಗದ್ದಲದ ಸಿನಿಮಾ ಎಂದೇ ಕಾಣುತ್ತದೆ.

ಹಾಗೆಂದು ಇದನ್ನು ಹೊತ್ತು ಮೆರೆಸುವ ಇರಾದೆ ನನಗಿಲ್ಲ. ಇದು ದೊಡ್ಡ ಸ್ಟುಡಿಯೋ ಲಾಭಕ್ಕಾಗಿ ಮಾಡಿದ ಸರಕು. ಜಗತ್ತಿನಾದ್ಯಂತ 77 ಕೋಟಿ ಡಾಲರ್ ಗಳಿಸಿತು. ಖಳನಾಯಕ ಬರೀ ಗುಡುಗುತ್ತಾನೆ, ಅವನಿಗೆ ಒಳಗೇನೂ ಇಲ್ಲ. ಗಮೋರಾ ಎಂಬ ಹಸಿರು ಮೈಯ ಯೋಧೆಗೆ ಇನ್ನೂ ಒಳ್ಳೆಯ ದೃಶ್ಯಗಳು ಸಿಗಬೇಕಿತ್ತು. ಕೊನೆಯ ಆಕಾಶಯುದ್ಧ ಬೇರೆ ಹತ್ತು ಸಿನಿಮಾಗಳಲ್ಲಿ ಕಂಡದ್ದೇ. ಕೆಲವು ಮಾತುಗಳು ಒರಟು. 'ವಿಚಿತ್ರವಾಗಿದ್ದರೆ ಸಾಕು, ಹುಡುಗರಿಗೆ ಹಿಡಿಸುತ್ತದೆ' ಎಂಬುದು ಚಿತ್ರರಂಗದವರದ್ದೇ ಒಂದು ತಪ್ಪು ಕಲ್ಪನೆ. ಇದನ್ನು ನೋಡಿ ಬಣ್ಣ, ಹಳೆಯ ಹಾಡು, ಕುಚೇಷ್ಟೆಗಳನ್ನು ಮಾತ್ರ ಎರವಲು ಪಡೆದವರು ಬಹಳ ಮಂದಿ. ಹಾಡಿದೆ, ಹಾಡು ಯಾರದೆಂಬ ಕಾರಣವಿಲ್ಲ. ಅಂಥವು ಮರೆತುಹೋದವು. ಇಲ್ಲಿ ಹಾಗಲ್ಲ. 1960, 70ರ ದಶಕಗಳ ಆ ಹಾಡುಗಳ ಸಂಕಲನ 2014ರಲ್ಲಿ ಅಮೆರಿಕದ ಆಲ್ಬಮ್ ಪಟ್ಟಿಯ ತುದಿಗೇರಿತು. ಒಂದೂ ಹೊಸ ಹಾಡಿಲ್ಲದ ಸಿನಿಮಾ ಸಂಗೀತ ಅಲ್ಲಿಗೆ ಏರಿದ್ದು ಅದೇ ಮೊದಲು. ಮೊಮ್ಮಕ್ಕಳ ವಯಸ್ಸಿನವರು ಅಜ್ಜಿಯ ಕಾಲದ ಹಾಡು ಕೊಂಡುಕೊಂಡರು, ಏಕೆಂದರೆ ಅದು ಈಗ ಒಬ್ಬಳು ತಾಯಿಯ ಕ್ಯಾಸೆಟ್ ಆಗಿತ್ತು.

ವಿಜ್ಞಾನದ ಪ್ರಶ್ನೆಗೆ ನೀವೇ ನನಗಿಂತ ದೊಡ್ಡ ಅಧಿಕಾರಿ, ಆದರೂ ಎರಡು ಮಾತು. ನಿರ್ವಾತದಲ್ಲಿ ಸದ್ದು ಕೇಳಿಸುವುದಿಲ್ಲ, ಸರಿ. ಈ ಸಿನಿಮಾ ವಿಜ್ಞಾನ ಹೇಳಿಕೊಡುತ್ತೇನೆ ಎಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಏಳು ಸಮುದ್ರ ದಾಟಿದ ರಾಜಕುಮಾರನ ಕಥೆಗೆ ಭೂಗೋಳ ಎಷ್ಟು ಬೇಕೋ ಇದಕ್ಕೆ ಖಗೋಳ ಅಷ್ಟು ಸಾಕು. ಹನ್ನೊಂದು ವರ್ಷದ ಹುಡುಗನಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಹಾಳಾಗುವ ಬದಲು, ನಿಮ್ಮಂಥ ತಂದೆ ಇದ್ದರೆ ಇದು ಬೇಸಾಯದ ನೆಲವಾಗಬಲ್ಲದು. ಒಂದು ಕಡೆ ನಾಯಕ ತನ್ನ ಮುಖವಾಡವನ್ನು ಗಮೋರಾಗೆ ತೊಡಿಸಿ, ಬಾಹ್ಯಾಕಾಶದಲ್ಲಿ ಬರಿಮುಖದಲ್ಲಿ ತೇಲುತ್ತಾನೆ. ಮೈಮೇಲೆ ಮಂಜು ಕಟ್ಟುತ್ತದೆ. ಮನುಷ್ಯ ಅಲ್ಲಿ ಬಲೂನಿನಂತೆ ಸಿಡಿಯುತ್ತಾನೋ, ತಕ್ಷಣ ಹೆಪ್ಪುಗಟ್ಟುತ್ತಾನೋ ಎಂದು ಮಗನನ್ನು ಕೇಳಿ. 1966ರಲ್ಲಿ ನಾಸಾದ ನಿರ್ವಾತ ಕೋಣೆಯಲ್ಲಿ ಉಡುಪು ಪರೀಕ್ಷಿಸುತ್ತಿದ್ದ ಜಿಮ್ ಲೆಬ್ಲಾಂಕ್ ಎಂಬವರ ಗಾಳಿಯ ಕೊಳವೆ ಕಳಚಿಕೊಂಡಿತು. ಸುಮಾರು 14 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿದರು, ಕೂಡಲೇ ಗಾಳಿ ತುಂಬಿದ್ದರಿಂದ ಬದುಕಿಕೊಂಡರು. ನಾಲಿಗೆಯ ಮೇಲಿನ ಎಂಜಲು ಕುದಿಯುತ್ತಿದ್ದದ್ದು ಅವರ ಕೊನೆಯ ನೆನಪು. ಹುಡುಗ ಇದನ್ನು ಮರೆಯುವುದಿಲ್ಲ.

ನಿಮ್ಮ ಊರಿನ ಬಳಿಯೇ ಇನ್ನೂ ಒಳ್ಳೆಯ ಪಾಠ ನಿಂತಿದೆಯಲ್ಲ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಗೌರಿಬಿದನೂರಿನ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಲೆಂದೇ ಹುಟ್ಟಿದ್ದು. ಬಾಹ್ಯಾಕಾಶದಲ್ಲಿ ಸದ್ದಿಲ್ಲ ಎಂದ ಮೇಲೆ ಆ ಆಂಟೆನಾಗಳು ಏನನ್ನು ಕೇಳುತ್ತವೆ? ಸಿನಿಮಾ ನೋಡಿದ ಮರುದಿನ ಈ ಪ್ರಶ್ನೆ ಹಾಕಿ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಬದುಕಿದ ಎಚ್.ಎನ್. ಅವರ ತಾಲ್ಲೂಕಿನವರು ನೀವು. ಸಿನಿಮಾ ಪ್ರಶ್ನೆ ಹುಟ್ಟಿಸಿದರೆ ಅದಕ್ಕೆ ಹೆದರಬೇಕಾಗಿಲ್ಲ. ಒಂದೇ ಕೋರಿಕೆ: ಸಿನಿಮಾ ನಡೆಯುತ್ತಿರುವಾಗ ಕೇಳಬೇಡಿ. ಕತ್ತಲಲ್ಲಿ ಪಕ್ಕದಲ್ಲಿ ಕುಳಿತು ತಪ್ಪು ತೋರಿಸುವ ಅಪ್ಪನ ಜೊತೆ ಮಕ್ಕಳು ಎರಡನೆಯ ಸಲ ಕೂರುವುದಿಲ್ಲ.

ಇನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆ. ನಿಲ್ಲಿಸಬಹುದು, ಮನೆ ನಿಮ್ಮದು, ಪರೀಕ್ಷೆ ಹತ್ತಿರವಿದ್ದರೆ ಕಾರಣವೂ ಸಿಗುತ್ತದೆ. ಆದರೆ ಮಕ್ಕಳಿಗೆ ಕೇಳಿಸುವುದು ಬೇರೆಯೇ ಇರಬಹುದು: ಈ ಮನೆಯಲ್ಲಿ ಅಮ್ಮನ ವಿಷಯ ಎತ್ತಬಾರದು. ಅವರು ಆ ವಿಷಯ ಎತ್ತುತ್ತಿರುವುದೇ ಈ ಸಿನಿಮಾದ ಮೂಲಕ ಎಂದು ನನಗೆ ಬಲವಾಗಿ ಅನಿಸುತ್ತಿದೆ. ಏನೂ ಮಾಡದೆ ಬಿಡಬಹುದು. ಒಂದೇ ಸಿನಿಮಾವನ್ನು ಮಕ್ಕಳು ಮತ್ತೆ ಮತ್ತೆ ನೋಡುವುದು ರೋಗವಲ್ಲ; ಮುಂದೇನಾಗುತ್ತದೆ ಎಂದು ಗೊತ್ತಿರುವ ಕಥೆಯಲ್ಲಿ ಭಯವಿಲ್ಲ, ಅಲ್ಲಿ ಅಳುವುದಕ್ಕೆ ಧೈರ್ಯ ಬರುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಇಬ್ಬರೂ ಒಂದು ಕೋಣೆಯಲ್ಲಿ, ನೀವು ಇನ್ನೊಂದು ಕೋಣೆಯಲ್ಲಿ ಎಂಬಂತೆ ವರ್ಷಗಳು ಕಳೆದುಹೋಗಬಹುದು.

ನನ್ನ ಆಯ್ಕೆ ಮೂರನೆಯದು. ನೀವೊಬ್ಬರೇ ಒಮ್ಮೆ, ಮಕ್ಕಳು ಶಾಲೆಗೆ ಹೋದಾಗ, ಮೊದಲಿನಿಂದ ಕೊನೆಯವರೆಗೆ ನೋಡಿ. ನಿಮಗೂ ಕಷ್ಟವಾಗುತ್ತದೆ, ಆ ಆಸ್ಪತ್ರೆಯ ಹಾಸಿಗೆ ನಿಮಗೂ ಪರಿಚಿತವೇ. ಅದಕ್ಕೇ ಮೊದಲು ಒಬ್ಬರೇ ನೋಡಿ ಎನ್ನುತ್ತಿದ್ದೇನೆ. ಕೊನೆಯ ಘಟ್ಟವನ್ನು ಗಮನವಿಟ್ಟು ನೋಡಿ. ಲೋಕವನ್ನೇ ಸುಡಬಲ್ಲ ಒಂದು ಕಲ್ಲನ್ನು ನಾಯಕ ಬರಿಗೈಯಲ್ಲಿ ಹಿಡಿದು ಉರಿದುಹೋಗುತ್ತಿರುತ್ತಾನೆ. ನನ್ನ ಕೈ ಹಿಡಿದುಕೋ ಎಂದು ಗಮೋರಾ ಕೂಗುತ್ತಾಳೆ. ಅವನಿಗೆ ಅಲ್ಲಿ ತಾಯಿ ಕಾಣುತ್ತಾಳೆ, ಅದೇ ಹಾಸಿಗೆ, ಚಾಚಿದ ಅದೇ ಕೈ. ಅಂದು ಹಿಡಿಯದ ಕೈಯನ್ನು ಈಗ ಹಿಡಿಯುತ್ತಾನೆ. ಉಳಿದವರೂ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ, ಒಬ್ಬನನ್ನು ಸುಡಬೇಕಿದ್ದ ಬೆಂಕಿ ಎಲ್ಲರಲ್ಲೂ ಹಂಚಿಹೋಗುತ್ತದೆ. ನಿಮ್ಮ ಮಗ ಮೊದಲ ಐದು ನಿಮಿಷ ಓಡಿಸುತ್ತಾನೆ, ಆದರೆ ಇದನ್ನು ಓಡಿಸುವುದಿಲ್ಲ. ಇದನ್ನು ಒಂಬತ್ತು ಸಲ ನೋಡಿದ್ದಾನೆ.

ಈ ದಾರಿಯಲ್ಲೂ ಅಪಾಯ ಇದೆ. ಮಕ್ಕಳ ಗುಟ್ಟಿನ ಜಾಗಕ್ಕೆ ದೊಡ್ಡವರು ನುಗ್ಗಿದಂತೆ ಆಗಬಹುದು. ನೋಡಿದ ಮೇಲೆ, ನಿನಗೆ ಅಮ್ಮ ನೆನಪಾಗುತ್ತಾಳಲ್ಲವೇ ಎಂದು ಪಾಠ ಒಪ್ಪಿಸಿಕೊಳ್ಳುವಂತೆ ಕೇಳಿದರೆ ಹುಡುಗ ಬಾಗಿಲು ಹಾಕಿಕೊಳ್ಳುತ್ತಾನೆ. ಮರದ ಬಗ್ಗೆ ಮಾತನಾಡಿ, ಬ್ಯಾಟರಿಯ ಬಗ್ಗೆ ನಗಿ. ಉಪಮೆ ಅರ್ಥವಾಗದ ಡ್ರ್ಯಾಕ್ಸ್ ಎಂಬ ಪೈಲ್ವಾನನ ಬಗ್ಗೆ ಮಾತನಾಡಿ; ಆಡಿದ ಪ್ರತಿ ಮಾತನ್ನೂ ಅಕ್ಷರಶಃ ಹಿಡಿಯುವ ಅವನು ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡವನು. ನಿಮಗೆ ಅವನ ಜೊತೆ ಸ್ವಲ್ಪ ಗೆಳೆತನ ಆದೀತು.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಈ ಸರಣಿಯಲ್ಲಿ ಇನ್ನೆರಡು ಸಿನಿಮಾಗಳಿವೆ, 2017ರದ್ದು ಮತ್ತು 2023ರದ್ದು. ಸರಣಿಯ ಎರಡನೆಯದರಲ್ಲಿ, ಅಂದರೆ 2017ರದ್ದರಲ್ಲಿ, ನಾಯಕನ ತಾಯಿಗೆ ಆ ಗಡ್ಡೆ ಬಂದದ್ದು ಹೇಗೆ ಎಂಬುದಕ್ಕೆ ಒಂದು ಕ್ರೂರವಾದ ಉತ್ತರ ಇದೆ: ಹೆತ್ತ ತಂದೆಯೇ ಅದನ್ನು ಅವಳ ತಲೆಯಲ್ಲಿ ಇಟ್ಟವನು. ಕಥೆಗೆ ಅದು ಹೊಂದುತ್ತದೆ, ಆದರೆ ಕ್ಯಾನ್ಸರ್‌ಗೆ ತಾಯಿಯನ್ನು ಕೊಟ್ಟ ಮಗುವಿನ ಮನಸ್ಸಿನಲ್ಲಿ ಅದು ಹೇಗೆ ಇಳಿಯುತ್ತದೋ ಹೇಳಲಾಗದು. ಅದೇ ಸಿನಿಮಾದಲ್ಲಿ ಸಾಕಿದ ಒರಟು ಮನುಷ್ಯನೊಬ್ಬ ಕೊನೆಗೆ ಮಗನಿಗಾಗಿ ಪ್ರಾಣ ಕೊಡುತ್ತಾನೆ. ಅದು ನನಗೆ ಬಹಳ ಇಷ್ಟವಾದ ಭಾಗ. ಆದರೂ ನೀವು ಮೊದಲು ನೋಡಿ, ಆಮೇಲೆ ತೋರಿಸಿ. ಮೂರನೆಯದು ರಾಕೆಟ್‌ನ ಮೇಲೆ ನಡೆದ ಪ್ರಯೋಗಗಳ ಕಥೆ. ಪ್ರಾಣಿಗಳ ಹಿಂಸೆಯ ದೃಶ್ಯಗಳು ಕಠಿಣವಾಗಿವೆ. ಮಗಳು ನೋಡಬಹುದು. ಮಗ ಇನ್ನೂ ಒಂದೆರಡು ವರ್ಷ ಕಾಯಲಿ.

ಹುಡುಗನಿಗೆ ನಿದ್ದೆ ಬರದಿದ್ದರೆ, ಊಟ ತಗ್ಗಿದ್ದರೆ, ಶಾಲೆಗೆ ಹೋಗಲು ಹಿಂಜರಿಯುತ್ತಿದ್ದರೆ, ಗೆಳೆಯರನ್ನು ಬಿಟ್ಟಿದ್ದರೆ ಆಗ ಇದು ಸಿನಿಮಾದವರು ಉತ್ತರಿಸುವ ವಿಷಯವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಣ ಬೇಕಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ. ನಿಮಗಾಗಿಯೂ ಕರೆ ಮಾಡಬಹುದು.

ವಾರ್ಡಿನ ವಿಷಯವನ್ನು ಹುಡುಗ ಇಂದಲ್ಲ ನಾಳೆ ಕೇಳುತ್ತಾನೆ. ಕೇಳಿದ ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಆ ಹೊತ್ತಿನಲ್ಲಿ ನಿಮಗೆ ಏನು ತೋಚಿತು, ನೀವು ಯಾವುದಕ್ಕೆ ಹೆದರಿದಿರಿ. ಸಮರ್ಥನೆ ಬೇಡ. ಮನೆಯಲ್ಲಿ ಆಕೆಯ ದನಿ ಎಲ್ಲಾದರೂ ಉಳಿದಿದೆಯೇ ಹುಡುಕಿ ಇಡಿ, ಹಳೆಯ ಮೊಬೈಲಿನಲ್ಲಿ, ಯಾರದೋ ಮದುವೆಯ ವಿಡಿಯೋದಲ್ಲಿ. ಯಾವಾಗ ಬಿಚ್ಚಬೇಕೆಂದು ಮಕ್ಕಳೇ ಹೇಳಲಿ.

ಮುಂದಿನ ಭಾನುವಾರ ಅವರು ಮತ್ತೆ ಸಿನಿಮಾ ಹಾಕಿದಾಗ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ರಿಮೋಟ್ ಹುಡುಗನ ಕೈಯಲ್ಲೇ ಇರಲಿ. ಮೊದಲ ಐದು ನಿಮಿಷವನ್ನು ಅವನು ಓಡಿಸಿದರೆ ಓಡಿಸಲಿ. ಓಡಿಸದೆ ಬಿಟ್ಟ ದಿನ ಏನೂ ಹೇಳಬೇಡಿ, ಎದ್ದು ಮಾತ್ರ ಹೋಗಬೇಡಿ.